ಟೂ-ಪೋಸ್ಟ್ ಲಿಫ್ಟ್ ಬಳಸುವಾಗ ಏನೇನು ಜಾಗ್ರತೆ ಬೇಕು?

ಬಳ್ಳಾರಿಯ ನಿಮ್ಮ ಗ್ಯಾರೇಜಿಗೆ ಹೊಸದಾಗಿ ಟೂ-ಪೋಸ್ಟ್ ಲಿಫ್ಟ್, ಅಂದರೆ ಎರಡು ಕಂಬಗಳ ತೋಳುಗಳಿಂದ ಗಾಡಿ ಎತ್ತುವ ಯಂತ್ರ, ಹಾಕಿಸಿದ್ದೀರಿ, ಹುಡುಗರಿಗೆ ಏನು ಹೇಳಿಕೊಡಲಿ ಅಂತ ಕೇಳಿದ್ದೀರಿ. ಮೊದಲನೆಯದು, ಬರೀ ಹೈಡ್ರಾಲಿಕ್ (ಎಣ್ಣೆಯ ಒತ್ತಡ) ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು. ಬೇಕಾದ ಎತ್ತರಕ್ಕೆ ಏರಿಸಿದ ಮೇಲೆ ಸ್ವಲ್ಪ ಇಳಿಸಿ, ಭಾರವನ್ನು ಎರಡೂ ಕಂಬಗಳ ಲಾಕ್ ಮೇಲೆ ಕೂರಿಸಿ. ಆಗ ಎಣ್ಣೆ ಪೈಪ್ ಒಡೆದರೂ ಗಾಡಿ ನಿಲ್ಲುತ್ತದೆ. ಏರುವಾಗ ಟಕ್ ಟಕ್ ಸದ್ದು ಕೇಳಿದರೆ ಸಾಲದು. ಅದು ಲಾಕ್ ದಾಟಿ ಹೋಗುವ ಸದ್ದು ಅಷ್ಟೇ.

ಗಾಡಿಯ ತಳಕ್ಕೆ ತಾಗುವ ತೋಳಿನ ಪ್ಯಾಡ್‌ಗಳು ಗಾಡಿ ಕಂಪನಿ ಹೇಳಿದ ಜಾಗದಲ್ಲೇ ಇರಲಿ. ಸಂಡೂರು ಕಡೆ ಅದಿರು ರಸ್ತೆಯಲ್ಲಿ ಓಡಿದ ಗಾಡಿಗಳ ತಳಕ್ಕೆ ಕೆಂಪು ಮಣ್ಣು ಮೆತ್ತಿರುತ್ತದೆ, ಅಲ್ವಾ? ಅದನ್ನು ಕೆರೆಯದೆ ಪ್ಯಾಡ್ ಕೊಟ್ಟರೆ ಜಾರಬಹುದು. ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಅಲುಗಾಡಿಸಿ ನೋಡಿ. ಪಿಕಪ್ ಆದರೆ ಸರಕು ಇಳಿಸಿಯೇ ಎತ್ತಿ.

ಇಂಜಿನ್ ಬಿಚ್ಚುವಾಗ ಜಾಸ್ತಿ ಎಚ್ಚರ ಬೇಕು. ಮುಂದಿನ ಭಾರ ಹೋದರೆ ಗಾಡಿ ಹಿಂದಕ್ಕೆ ವಾಲುತ್ತದೆ. ಮೊದಲೇ ಹಿಂಭಾಗಕ್ಕೆ ಎತ್ತರದ ಸ್ಟ್ಯಾಂಡ್ ಕೊಡಿ.

ಏರಿಸುವಾಗ, ಇಳಿಸುವಾಗ ಕೆಳಗೆ ಯಾರೂ ಇರಬಾರದು. ಅರ್ಧಕ್ಕೆ ಕರೆಂಟ್ ಹೋದರೂ ಅಷ್ಟೇ, ಕೆಳಗೆ ನುಗ್ಗಲು ಬಿಡಬೇಡಿ.