ಬಿಟ್ಟಿ ಅಲ್ಲ ಸ್ವಾಮಿ, ಸರ್ಕಾರಿ

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮಗಳು ಎಂಜಿನಿಯರಿಂಗ್ ಮುಗಿಸಿದ್ದಾಳೆ. ಜರ್ಮನಿಯ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಬರ್ಲಿನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲೂ ಸಿಕ್ಕಿದೆ, ಅಲ್ಲಿ ವರ್ಷಕ್ಕೆ 12 ಲಕ್ಷ ಫೀಸು. ಕನ್ಸಲ್ಟೆನ್ಸಿಯವರು ಬರ್ಲಿನ್‌ಗೇ ಕಳಿಸಿ ಅಂತ ಬೆನ್ನು ಬಿದ್ದಿದ್ದಾರಂತೆ. ಇವರ ಪ್ರಶ್ನೆ ಇದು: "ಫೀಸೇ ಇಲ್ಲದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಏನು ಹೇಳಿಕೊಟ್ಟಾರು? ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರುತ್ತಾ?"

ಸ್ವಾಮಿ, ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಿಮ್ಮ ಮೇಲಲ್ಲ. ದುಡ್ಡು ಜಾಸ್ತಿ ಕೊಟ್ಟರೆ ವಿದ್ಯೆ ಜಾಸ್ತಿ ಅನ್ನೋ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಖಾಸಗಿಯಲ್ಲೂ ಒಳ್ಳೆಯವು ಇವೆ, ಇಲ್ಲ ಅನ್ನಲ್ಲ. ಸರ್ಕಾರದ ಮಾನ್ಯತೆ ಇರುವಂಥವೇ ಸಾಕಷ್ಟಿವೆ. ಅಷ್ಟು ಹೇಳಿ ಆ ಮಾತು ಬಿಡುತ್ತೇನೆ.

ನಿಮ್ಮ ಮಗಳಿಗೆ ಸೀಟು ಕೊಟ್ಟಿರುವ ಸಂಸ್ಥೆ ನಿನ್ನೆ ಮೊನ್ನೆಯದಲ್ಲ, ಅದರ ಬೇರು 1745ರಲ್ಲಿ ಶುರುವಾದ ಕಾಲೇಜಿನಲ್ಲಿದೆ. ಆ ಕಾಲೇಜಿನಲ್ಲಿ ಓದಿದವರಲ್ಲಿ ಗಣಿತಜ್ಞ ಗೌಸ್ ಒಬ್ಬ. ಅದೇ ಊರಿನ ಬಡವರ ಮನೆಯ ಹುಡುಗ. ಅಪ್ಪನ ಕೈಯಲ್ಲಿ ಓದಿಸಲು ಆಗುತ್ತಿರಲಿಲ್ಲ, ಅಲ್ಲಿನ ದೊರೆ ಖರ್ಚು ವಹಿಸಿಕೊಂಡ. ನಮ್ಮ ವಿಶ್ವೇಶ್ವರಯ್ಯನವರು ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದೂ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲೇ. ಅವರ ಓದಿಗೆ ಬೆಲೆ ಇರಲಿಲ್ಲವಾ?

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲದಿರುವುದು ಯಾರೋ ಸುಮ್ನೆ ಕೊಟ್ಟ ದಾನವೂ ಅಲ್ಲ. 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಫೀಸಿನ ಮೇಲಿದ್ದ ಕೇಂದ್ರದ ನಿಷೇಧವನ್ನು ತೆಗೆದುಹಾಕಿತು. ಕೂಡಲೇ ಕೆಲವು ರಾಜ್ಯಗಳು ಸೆಮಿಸ್ಟರ್‌ಗೆ 500 ಯೂರೋ ತನಕ ವಸೂಲಿಗೆ ನಿಂತವು. ವಿದ್ಯಾರ್ಥಿಗಳು ಬೀದಿಗೆ ಬಂದರು. ಬವೇರಿಯಾದಲ್ಲಿ 2013ರ ಜನವರಿಯಲ್ಲಿ, ಎರಡೇ ವಾರದಲ್ಲಿ, 13 ಲಕ್ಷಕ್ಕೂ ಹೆಚ್ಚು ಜನ ಸರ್ಕಾರಿ ಕಚೇರಿಗಳಿಗೆ ಹೋಗಿ ಫೀಸು ಬೇಡ ಅಂತ ಸಹಿ ಹಾಕಿದರು. ಅವರಲ್ಲಿ ಎಷ್ಟು ಅಜ್ಜ ಅಜ್ಜಿಯರಿದ್ದರೋ, ಕಾಲೇಜಿನ ಕಡೆ ತಲೆ ಹಾಕದವರು ಎಷ್ಟಿದ್ದರೋ. ಒಂದೊಂದೇ ರಾಜ್ಯ ಫೀಸು ಕೈಬಿಟ್ಟಿತು. ಕೊನೆಗೆ ಬಿಟ್ಟದ್ದು 2014ರಲ್ಲಿ, ನಿಮ್ಮ ಮಗಳು ಹೋಗಬೇಕಾದ ಲೋವರ್ ಸ್ಯಾಕ್ಸನಿ.

ಎಲ್ಲ ಕಡೆ ಹೀಗೇ ಅಂತ ನಂಬಿಸಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರ ಹತ್ತಿರ ಸೆಮಿಸ್ಟರ್‌ಗೆ 1500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4 ರಿಂದ 6 ಸಾವಿರ ಯೂರೋ. ಹೌದು, ಆ ಸಹಿ ಹಾಕಿದ ಬವೇರಿಯಾದಲ್ಲೇ!

ನೀವು "ಹಾಗಾದರೆ ಈ 11,904 ಯೂರೋ ಯಾಕೆ ಕೇಳ್ತಾರೆ?" ಅಂದಿದ್ದೀರಿ. ಅದು ಫೀಸಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಟ್ಟಿಗೇ ತೆಗೆಯಲಾಗದ ಖಾತೆಯಲ್ಲಿ, ಮಗಳ ಹೆಸರಲ್ಲೇ ಇಡುವ ದುಡ್ಡು. ತಿಂಗಳಿಗೆ 992 ಯೂರೋದಂತೆ ಅವಳ ಬಾಡಿಗೆಗೆ, ಅಕ್ಕಿಗೆ, ಇನ್ಶೂರೆನ್ಸ್‌ಗೆ ಅವಳ ಕೈಗೇ ಬರುತ್ತೆ. ಬರ್ಲಿನ್‌ನ ಖಾಸಗಿಗೆ ಹೋದರೂ ಇದನ್ನು ಇಡಲೇಬೇಕು, ಅದರ ಮೇಲೆ ನಿಮ್ಮ 12 ಲಕ್ಷ. ಸರ್ಕಾರಿಯಲ್ಲಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ವಂತಿಗೆ ಇದೆ, ಅದರಲ್ಲೇ ಬಸ್ಸು ಟ್ರಾಮಿನ ಪಾಸೂ ಬರುತ್ತೆ. ಇನ್ನು ಕನ್ಸಲ್ಟೆನ್ಸಿಯವರ ಕಾಳಜಿ. ಖಾಸಗಿಯವರು ಹುಡುಗರನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುತ್ತಾರೆ, ಸರ್ಕಾರಿಯವರು ಕೊಡಲ್ಲ. ಉಳಿದದ್ದು ನಿಮಗೇ ಅರ್ಥವಾಗುತ್ತೆ, ದಾವಣಗೆರೆಯಲ್ಲಿ ಅಂಗಡಿ ನಡೆಸುವವರಿಗೆ ನಾನೇನು ಹೇಳೋದು.

ಏನು ಹೇಳಿಕೊಟ್ಟಾರು ಅಂದಿರಲ್ವಾ? ನನ್ನ ತಂಗಿಯ ಮಗಳು ಮಾಗ್ಡೆಬುರ್ಗ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದಳು. ಮೊದಲ ಸೆಮಿಸ್ಟರ್ ಮುಗಿಸಿ ಫೋನ್ ಮಾಡಿ "ಅಮ್ಮಾ, ಐದು ಬಂತು" ಅಂದಳು. ತಂಗಿ ಐದಕ್ಕೆ ಐದು ಅಂದುಕೊಂಡು ಪಕ್ಕದ ಮನೆಗೆ ಕೊಬ್ಬರಿ ಮಿಠಾಯಿ ಕೊಟ್ಟು ಬಂದಿದ್ದಳು. ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಜಸ್ಟ್ ಪಾಸು, ಐದು ಅಂದರೆ ಡುಮ್ಕಿ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ಹಾಜರಿ ಕರೆಯೋರಿಲ್ಲ, ಇಂಟರ್ನಲ್ ಮಾರ್ಕ್ಸ್ ಹಾಕಿ ದಡ ಸೇರಿಸೋರಿಲ್ಲ. ಬಿಟ್ಟಿ ಅಂತೀರಲ್ಲ, ಆ ಹುಡುಗಿ ತೆತ್ತ ಬೆಲೆ ನಾನು ನೋಡಿದ್ದೇನೆ.

ಮುಂದಿನದು ಕೇಳಿ. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡೋಕೆ ಅಲ್ಲಿ ಒಂದು ದಿನ ಗೊತ್ತು ಮಾಡುತ್ತಾರೆ. ಅದಕ್ಕೆ ಐನ್‌ಜಿಖ್ಟ್ ಅಂತ ಹೆಸರು. ಇವಳೂ ಹೋದಳು. ಒಂದು ಉದ್ದ ಮೇಜು, ಅದರ ಮೇಲೆ ಎಲ್ಲರ ಪತ್ರಿಕೆ, ಎದುರಿಗೆ ತಿದ್ದಿದವನೇ ಕೂತಿದ್ದಾನೆ. ಒಂದು ಪುಟದ ಅಂಕ ಕೂಡಿಸುವುದು ಬಿಟ್ಟುಹೋಗಿದೆ ಅಂತ ಬೆರಳಿಟ್ಟು ತೋರಿಸಿದಳು. ಆತ ಸಾರಿ ಕೇಳಿ ಅಲ್ಲೇ ಮೂರು ಅಂಕ ಸೇರಿಸಿದ. ಆದರೂ ಪಾಸಾಗಲಿಲ್ಲ ಅನ್ನಿ! ಎರಡನೇ ಸಲ ಬರೆದು 2.3 ತೆಗೆದಳು. ಅದೇ ಇಲ್ಲಿ, ಯಾವ ವಿಶ್ವವಿದ್ಯಾಲಯ ಅಂತ ಬೇಡ, ನನ್ನ ಮಗನ ಉತ್ತರ ಪತ್ರಿಕೆಯ ಜೆರಾಕ್ಸಿಗೆ ದುಡ್ಡು ಕಟ್ಟಿ ಎರಡು ತಿಂಗಳು ಕಾದೆವು. ಬಂದದ್ದು ಬೇರೆ ಯಾರದೋ ಪತ್ರಿಕೆ. ಕೈಬರಹ ಮಾತ್ರ ಮುದ್ದಾಗಿತ್ತು.

ನಮ್ಮ ಸರ್ಕಾರಿ ಕಾಲೇಜುಗಳನ್ನು ಹಾಳು ಮಾಡಿದ್ದು ಸರ್ಕಾರ ಒಂದೇ ಅಲ್ಲ ಸ್ವಾಮಿ, ನಾವೂ. ಗುಡಿಸದ ಲ್ಯಾಬು, ವರ್ಷಗಟ್ಟಲೆ ಖಾಲಿ ಬಿದ್ದ ಮೇಷ್ಟ್ರ ಹುದ್ದೆ, ಗೆಸ್ಟ್ ಲೆಕ್ಚರರ್‌ಗಳಿಗೆ ತಿಂಗಳಾದರೂ ಬಾರದ ಸಂಬಳ. ಇದೆಲ್ಲ ನೋಡಿ ನಾವು ಜಗಳಕ್ಕೆ ನಿಲ್ಲಲಿಲ್ಲ. ಮಕ್ಕಳನ್ನು ತೆಗೆದುಕೊಂಡು ಹೊರಟುಬಿಟ್ಟೆವು. ಕೇಳೋರು ಇಲ್ಲದ ಮೇಲೆ ಯಾರು ಸರಿ ಮಾಡುತ್ತಾರೆ? ನಾನೂ ಸಾಚಾ ಅಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದವನು, ನನ್ನ ಮಗನನ್ನು ಕಾನ್ವೆಂಟಿಗೆ ಹಾಕಿದೆ. ಈಗ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಬ್ರೌನ್‌ಶ್ವೈಗ್‌ಗೇ ಕಳಿಸಿ. ಹಾಸ್ಟೆಲಿಗೆ ಇವತ್ತೇ ಅರ್ಜಿ ಹಾಕಿಸಿ, ಸರದಿ ಉದ್ದ ಇರುತ್ತೆ. ಜರ್ಮನ್ ಪಾಠಕ್ಕೂ ಸೇರಿಸಿ, ಪಾಠ ಇಂಗ್ಲಿಷಿನಲ್ಲಿದ್ದರೂ ಮನೆ ಮಾಲೀಕರು ಇಂಗ್ಲಿಷಿನಲ್ಲಿ ಸಿಗಲ್ಲ. ಇನ್ನೊಂದು ವಿಷಯ. ಎರಡು ಪುಟದಲ್ಲಿ ಕನ್ಸಲ್ಟೆನ್ಸಿಯವರು ಏನಂದರು, ಷಡ್ಡಕ ಏನಂದರು, ಬೀಗರು ಏನಂದಾರು ಅಂತೆಲ್ಲ ಬರೆದಿದ್ದೀರಿ. ಮಗಳಿಗೆ ಯಾವುದು ಇಷ್ಟ ಅಂತ ಒಂದು ಸಾಲೂ ಇಲ್ಲ. ಮುಂದಿನ ಪತ್ರ ಅವಳ ಕೈಯಲ್ಲಿ ಬರೆಸಿ.