25 ಮೀಟರ್ ದೂರದ ಆಂಟೆನಾಕ್ಕೆ ಆರ್‌ಜಿ-58 ಸಾಕಾ, ದಪ್ಪ ಕೇಬಲ್ಲೇ ಬೇಕಾ?

ನೀವು ಕೇಳಿರುವುದು ಇಷ್ಟು: ಮನೆ ಮೇಲೆ 145 ಮತ್ತು 435 ಮೆಗಾಹರ್ಟ್ಸ್ ಎರಡಕ್ಕೂ ಆಗುವ ಉದ್ದನೆಯ ಆಂಟೆನಾ ನಿಲ್ಲಿಸಿದ್ದೀರಿ, ಕೆಳಗೆ ಹ್ಯಾಮ್ (ಹವ್ಯಾಸಿ) ರೇಡಿಯೋ ತನಕ 25 ಮೀಟರ್ ಕೇಬಲ್ ಬೇಕು, ಕೈಯಲ್ಲಿ ಆರ್‌ಜಿ-58 ಅನ್ನುವ ತೆಳು ಕೇಬಲ್‌ನ ಸುರುಳಿ ಇದೆ, ಗೆಳೆಯರೊಬ್ಬರು ಎಲ್‌ಎಂಆರ್-400 ಅನ್ನುವ ದಪ್ಪ ಕೇಬಲ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ ಅಂದಿದ್ದಾರೆ. ಜೊತೆಗೆ 7 ಮೆಗಾಹರ್ಟ್ಸ್‌ನ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ) ಕೂಡ ಇದೆ, ಅದಕ್ಕೂ ದಪ್ಪ ಕೇಬಲ್ಲೇ ಬೇಕಾ ಅಂತ ಕೇಳಿದ್ದೀರಿ.

ಡೈಪೋಲ್‌ಗೆ ಆರ್‌ಜಿ-58 ಧಾರಾಳ ಸಾಕು. ಮೇಲಿನ ಆಂಟೆನಾಕ್ಕೆ ಬೇಡ, ಅದರಲ್ಲೂ 435ರಲ್ಲಿ ಮಾತಾಡುವ ಆಸೆ ಇದ್ದರೆ ಖಂಡಿತ ಬೇಡ. ಆದರೆ ನನ್ನ ಮಾತನ್ನಾಗಲಿ ಗೆಳೆಯರ ಮಾತನ್ನಾಗಲಿ ಸುಮ್ನೆ ನಂಬಬೇಡಿ. ಕೇಬಲ್ ಹೆಸರು ಆಮೇಲೆ ನೋಡೋಣ. ನಿಮ್ಮ ಫ್ರೀಕ್ವೆನ್ಸಿಯಲ್ಲಿ, ನಿಮಗೆ ಬೇಕಾದ ಉದ್ದಕ್ಕೆ ಎಷ್ಟು ಡೆಸಿಬೆಲ್ (ಪವರ್ ಎಷ್ಟು ಪಟ್ಟು ಇಳಿಯಿತು ಅನ್ನುವ ಅಳತೆ) ಹೋಗುತ್ತದೆ ಅನ್ನುವ ಲೆಕ್ಕ ಮೊದಲು.

ಲೆಕ್ಕ ಸುಲಭ. ಡೇಟಾಶೀಟ್‌ನಲ್ಲಿ 100 ಮೀಟರ್‌ಗೆ ಇಷ್ಟು ಡೆಸಿಬೆಲ್ ನಷ್ಟ ಅಂತ ಇರುತ್ತದೆ, ನಿಮ್ಮದು 25 ಮೀಟರ್, ಅದರ ಕಾಲು ಭಾಗ. ಆರ್‌ಜಿ-58ರಲ್ಲಿ 145ಕ್ಕೆ 100 ಮೀಟರ್‌ಗೆ ಸುಮಾರು 20 ಡೆಸಿಬೆಲ್, ಅಂದರೆ ನಿಮಗೆ 5. ರೇಡಿಯೋ 50 ವಾಟ್ ಕೊಟ್ಟರೆ ಆಂಟೆನಾ ತಲುಪುವುದು 16 ವಾಟ್. 435ಕ್ಕೆ ಹೋದರೆ ನಷ್ಟ ಹೆಚ್ಚು ಕಡಿಮೆ 9 ಡೆಸಿಬೆಲ್. ಮೇಲೆ ಸಿಗುವುದು 6 ವಾಟ್ ಅಷ್ಟೇ, ಉಳಿದ 44 ವಾಟ್ ಕೇಬಲ್ ಬಿಸಿ ಮಾಡೋಕೆ ಹೋಯಿತು. ಅದೇ ಉದ್ದದ ಎಲ್‌ಎಂಆರ್-400ರಲ್ಲಿ 145ಕ್ಕೆ 1.25 ಡೆಸಿಬೆಲ್ ಹೋಗುತ್ತದೆ, 435ಕ್ಕೆ 2.2. ಅಂದರೆ 37 ವಾಟ್ ಮತ್ತು 30 ವಾಟ್ ಆಂಟೆನಾಕ್ಕೆ ಸಿಗುತ್ತದೆ. ಹಳೆಯ ಆರ್‌ಜಿ-213 ನಡುವೆ ಬರುತ್ತದೆ, ಸುಮಾರು 2.2 ಮತ್ತು 4.2. ಇನ್ನು 7 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58ರ 25 ಮೀಟರ್‌ಗೆ ಹೋಗುವುದು ಸುಮಾರು 1 ಡೆಸಿಬೆಲ್. ಎದುರಿನವರ ರೇಡಿಯೋದಲ್ಲಿ ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್‌ನಲ್ಲಿ ಒಂದು ಗೆರೆ ದಾಟೋಕೆ 6 ಡೆಸಿಬೆಲ್ ಬೇಕು, ಹಾಗಾಗಿ ಈ ಒಂದು ಡೆಸಿಬೆಲ್ ಅವರಿಗೆ ಗೊತ್ತೂ ಆಗುವುದಿಲ್ಲ.

ಕೇಳುವ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 7 ಮೆಗಾಹರ್ಟ್ಸ್‌ನಲ್ಲಿ ಗಾಳಿಯಿಂದಲೇ ಬರುವ ಗದ್ದಲ ರಿಸೀವರ್‌ನ ಸ್ವಂತ ಗದ್ದಲಕ್ಕಿಂತ ಎಷ್ಟೋ ಜಾಸ್ತಿ. ಕೇಬಲ್ ಒಂದು ಡೆಸಿಬೆಲ್ ತಿಂದರೆ ಸಿಗ್ನಲ್ ಜೊತೆ ಗದ್ದಲವೂ ಅಷ್ಟೇ ಇಳಿಯುತ್ತದೆ, ನಿಮಗೆ ಏನೂ ನಷ್ಟವಿಲ್ಲ. 435ರಲ್ಲಿ ಹಾಗಲ್ಲ. ಅಲ್ಲಿ ಹೊರಗಿನ ಗದ್ದಲ ಕಡಿಮೆ, ಕೇಬಲ್ ತಿಂದ ಪ್ರತಿ ಡೆಸಿಬೆಲ್ಲೂ ನೇರವಾಗಿ ಕ್ಷೀಣ ಸ್ಟೇಷನ್‌ಗಳನ್ನು ನುಂಗುತ್ತದೆ. ರಿಸೀವರ್ ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಆಂಟೆನಾ ಬುಡದಲ್ಲೇ ಇಟ್ಟರೆ ಕೇಳೋಕೆ ಅನುಕೂಲ, ಆದರೆ ನಿಮ್ಮ ಮಾತು ಹೊರಗೆ ಹೋಗುವಾಗ ಆ 9 ಡೆಸಿಬೆಲ್ ನಷ್ಟ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ, ಇದು ತುಂಬಾ ಜನರಿಗೆ ಹೊಳೆಯುವುದಿಲ್ಲ. ನಷ್ಟ ಜಾಸ್ತಿ ಇರುವ ಕೇಬಲ್ ಎಸ್‌ಡಬ್ಲ್ಯೂಆರ್ ಮೀಟರ್‌ಗೆ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ನೋಡಿ ಹೊಂದಾಣಿಕೆ ಹೇಳುವ ಮೀಟರ್, 1 ಬಂದರೆ ಪೂರ್ತಿ ಸರಿ) ಮೋಸ ಮಾಡುತ್ತದೆ. ಮೇಲೆ ಹೋಗುವಾಗ 9, ಆಂಟೆನಾದಿಂದ ತಿರುಗಿ ಬರುವಾಗ 9, ಒಟ್ಟು 18 ಡೆಸಿಬೆಲ್ ಇಳಿದ ಮೇಲೆ ಮೀಟರ್‌ಗೆ ಕಾಣುವ ವಾಪಸ್ ಪವರ್ ಏನೂ ಇಲ್ಲ ಅನ್ನುವಷ್ಟು. ಆಂಟೆನಾನೇ ಕಳಚಿ ಬಿದ್ದಿದ್ದರೂ ಕೆಳಗೆ 1.3 ತೋರಿಸುತ್ತದೆ! ಎಸ್‌ಡಬ್ಲ್ಯೂಆರ್ ಚೆನ್ನಾಗಿದೆ, ಹಾಗಾದರೆ ಎಲ್ಲ ಸರಿ ಇದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅಳೆಯುವುದಾದರೆ ಆಂಟೆನಾ ಬುಡದಲ್ಲಿ ಅಳೆಯಿರಿ.

ದಪ್ಪ ಇದ್ದರೆ ನಷ್ಟ ಕಡಿಮೆ ಅನ್ನುವುದು ಪೂರ್ತಿ ಸರಿಯಲ್ಲ. ಈ ಫ್ರೀಕ್ವೆನ್ಸಿಗಳಲ್ಲಿ ಕರೆಂಟ್ ತಾಮ್ರದ ಮೇಲ್ಮೈಯಲ್ಲಿ ಮಾತ್ರ ಹರಿಯುತ್ತದೆ, 100 ಮೆಗಾಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್‌ನ ನೂರನೇ ಭಾಗಕ್ಕಿಂತಲೂ ತೆಳುವಾದ ಪದರದಲ್ಲಿ. ಹಾಗಾಗಿ ನಡುವಿನ ತಂತಿಯ ಸುತ್ತಳತೆ ದೊಡ್ಡದಾದಷ್ಟೂ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್ ಬದಲು ಗಾಳಿ ತುಂಬಿದ ಫೋಮ್ ಹಾಕಿದರೆ, ಅದೇ ಹೊರ ಅಳತೆಯಲ್ಲಿ 50 ಓಮ್ (ರೇಡಿಯೋಗೆ ಹೊಂದುವ ಇಂಪೀಡೆನ್ಸ್) ಬರಬೇಕಾದರೆ ನಡುವಿನ ತಂತಿಯನ್ನು ದಪ್ಪ ಮಾಡಲೇಬೇಕಾಗುತ್ತದೆ. ಫೋಮ್ ಕೇಬಲ್‌ನ ಲಾಭ ಮುಖ್ಯವಾಗಿ ಬರುವುದು ಇಲ್ಲಿಂದ. ಅದಕ್ಕೇ 6 ಮಿಲಿಮೀಟರ್ ದಪ್ಪದ ಎಲ್‌ಎಂಆರ್-240, 10 ಮಿಲಿಮೀಟರ್‌ನ ಆರ್‌ಜಿ-213ಕ್ಕೆ ಹೆಚ್ಚು ಕಡಿಮೆ ಸಮ ನಿಲ್ಲುತ್ತದೆ. ನಿಮ್ಮದು ಬರೀ 145 ಆಗಿದ್ದರೆ ನಾನು ಈ 240ನ್ನೇ ಹಾಕಿ ಅನ್ನುತ್ತಿದ್ದೆ, ತೂಕ ಕಡಿಮೆ, ಕಿಟಕಿ ಸಂದಿಯಲ್ಲಿ ನುಗ್ಗಿಸೋದೂ ಸುಲಭ. 435 ಕೂಡ ಬೇಕು ಅಂದಿದ್ದೀರಿ, ಹಾಗಾಗಿ 400ರ ವರ್ಗದ್ದು. ಗೆಳೆಯರು ಹೇಳಿದ್ದು ಈ ಒಂದು ಆಂಟೆನಾಕ್ಕೆ ಸರಿ.

ಬರೀ ಕೇಳುವವರಿಗೆ ಟಿವಿಗೆ ಹಾಕುವ 75 ಓಮ್‌ನ ಆರ್‌ಜಿ-6 ಕೂಡ ಒಳ್ಳೆಯ ಆಯ್ಕೆ. 50ಕ್ಕೆ 75 ಹೊಂದುವುದಿಲ್ಲ ಅಂತ ಹೆದರಿಸುತ್ತಾರೆ, ಆ ವ್ಯತ್ಯಾಸದಿಂದ ಹೋಗುವುದು 0.2 ಡೆಸಿಬೆಲ್ ಕೂಡ ಇಲ್ಲ.

ಕೊಳ್ಳುವಾಗ ಅಚ್ಚು ಮಾಡಿದ ನಂಬರ್ ಮೇಲೆ ಭರವಸೆ ಇಡಬೇಡಿ. ಆರ್‌ಜಿ ನಂಬರ್‌ಗಳು ಅಮೆರಿಕದ ಸೇನೆಯ ಹಳೆಯ ಪಟ್ಟಿಯಿಂದ ಬಂದವು, ಈಗ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ತಯಾರಕರ ಡೇಟಾಶೀಟ್ ಕೇಳಿ. ಒಂದು ತುದಿ ಸುಲಿದು ನೋಡಿ, ಹೊರಗಿನ ಜಾಲರಿ ಒತ್ತಾಗಿ ಹೆಣೆದಿದೆಯಾ, ಅಥವಾ ನಾಲ್ಕು ಎಳೆ ಸುತ್ತಿ ಬಿಟ್ಟಿದ್ದಾರಾ ಅಂತ. ಹೊರಗೆ ಬಿಸಿಲಲ್ಲಿ ಇರುವುದರಿಂದ ಕಪ್ಪು ಪಾಲಿಥೀನ್ ಹೊದಿಕೆ ಇರುವುದೇ ಒಳ್ಳೆಯದು. ಕನೆಕ್ಟರ್ 435ಕ್ಕೆ ಎನ್ ಟೈಪ್ ತಗೊಳ್ಳಿ, ಡೈಪೋಲ್‌ಗೆ ಪಿಎಲ್-259 ಸಾಕು.

ನೀರಿನ ಬಗ್ಗೆ ಮಾತ್ರ ದಯವಿಟ್ಟು ಅಸಡ್ಡೆ ಮಾಡಬೇಡಿ. ಎಷ್ಟೇ ಒಳ್ಳೆಯ ಕೇಬಲ್ ತಂದರೂ ಮೇಲಿನ ಕನೆಕ್ಟರ್‌ನಲ್ಲಿ ನೀರು ಇಳಿದರೆ ಜಾಲರಿಯ ಎಳೆ ಹಿಡಿದು ಒಳಗೆ ಹೋಗುತ್ತಲೇ ಇರುತ್ತದೆ, ಮತ್ತು ಒಮ್ಮೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ, ಅದನ್ನು ಎಳೆದು ಹಿಗ್ಗಿಸುತ್ತಾ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರಬೇಕು. ಅದರ ಮೇಲೆ ಬಿಸಿಲು ತಡೆಯೋಕೆ ಸಾಮಾನ್ಯ ಕಪ್ಪು ಟೇಪ್. ಮನೆಯೊಳಗೆ ನುಗ್ಗುವ ಮುಂಚೆ ಕೇಬಲ್ ಒಂದು ಸಲ ತೂತಿಗಿಂತ ಕೆಳಗೆ ಇಳಿದು ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಫೋಮ್ ಕೇಬಲ್ಲನ್ನು ಚೂಪಾಗಿ ಮಡಚಬೇಡಿ, ನಡುವಿನ ತಂತಿ ಜಾಗ ಬಿಟ್ಟು ಸರಿಯುತ್ತದೆ. ಹಾಗೆಯೇ ಎಲ್‌ಎಂಆರ್-400ರ ನಡುವೆ ಇರುವುದು ಒಂದೇ ಗಟ್ಟಿ ತಂತಿ, ಮುಂದೆ ತಿರುಗುವ ಆಂಟೆನಾ ಹಾಕಿದರೆ ತಿರುಗುವ ಜಾಗಕ್ಕೆ ಮಾತ್ರ ಎಳೆತಂತಿಯ ಮೃದು ಕೇಬಲ್ ತುಂಡು ಜೋಡಿಸಿ.

ಹಾಕಿದ ಮೇಲೆ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ಇದ್ದರೆ ಕೇಬಲ್‌ನ ಮೇಲಿನ ತುದಿಯನ್ನು ಶಾರ್ಟ್ ಮಾಡಿ, ಕೆಳಗಿನಿಂದ ರಿಟರ್ನ್ ಲಾಸ್ (ಮೇಲೆ ಹೋಗಿ ತಿರುಗಿ ಬರುವಷ್ಟರಲ್ಲಿ ಇಳಿದ ಡೆಸಿಬೆಲ್) ನೋಡಿ, ಅದರ ಅರ್ಧವೇ ಕೇಬಲ್‌ನ ನಷ್ಟ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿ. ಬರೆದಿಟ್ಟದ್ದಕ್ಕಿಂತ ಒಂದು ಡೆಸಿಬೆಲ್ ಏರಿದ್ದರೆ ಮೇಲಿನ ಕನೆಕ್ಟರ್ ಬಿಚ್ಚಿ. ಜಾಲರಿ ಬಣ್ಣಗೆಟ್ಟಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಒಂದೆರಡು ಮೀಟರ್ ಕತ್ತರಿಸಿದರೂ ಹೊಳೆಯುವ ತಾಮ್ರ ಸಿಗದಿದ್ದರೆ ಆ ಕೇಬಲ್ಲನ್ನೇ ಬದಲಿಸಬೇಕು.