ಸಂಪಾದಕರ ಉತ್ತರ: ಆ ಚಪ್ಪಾಳೆ ಮಾತ್ರ ಸುಳ್ಳು

ಈ ಸಲ ಒಂದೇ ಪತ್ರಕ್ಕೆ ಉತ್ತರ. ಬರೆದವರು ಹೆಸರು ಹಾಕಬೇಡಿ ಅಂದಿದ್ದಾರೆ, 'ಹಳೆ ಕಿವಿಯವನು' ಅಂತ ಸಹಿ ಮಾಡಿದ್ದಾರೆ. ಹಾಗೇ ಇರಲಿ. ಪತ್ರ ಮೂರು ಪುಟ ಇದೆ, ಪೂರ್ತಿ ಹಾಕಲು ಜಾಗ ಇಲ್ಲ. ಸಾರ ಇಷ್ಟು: ಈಗಿನ ಹಾಡುಗಳನ್ನು ಹಾಡುವುದು ಗಾಯಕರಲ್ಲ, ಕಂಪ್ಯೂಟರ್. ಶ್ರುತಿ ತಪ್ಪಿದರೆ ಮಷೀನೇ ಸರಿ ಮಾಡುತ್ತದೆ. ಹಿಂದೆ ಹಾಡಿದ್ದು ಹಾಡಿದ ಹಾಗೇ ಕೇಳುತ್ತಿತ್ತು, ಅದಕ್ಕೇ ಅದರಲ್ಲಿ ಜೀವ ಇತ್ತು. ಇವರ ಮಗಳು ಮಾತ್ರ ಇಡೀ ದಿನ ಅದೇ ಮಷೀನ್ ಹಾಡು ಕೇಳುತ್ತಾಳೆ, ಒಂದು ದಿನ ಕೇಳುತ್ತಾ ಕೇಳುತ್ತಾ ಅತ್ತೇಬಿಟ್ಟಳಂತೆ. "ಸುಳ್ಳು ಹಾಡಿಗೆ ನಿಜವಾದ ಕಣ್ಣೀರು ಬರುವುದು ಹೇಗೆ? ನೀವೇ ಹೇಳಿ."

ಸ್ವಾಮಿ, ಈ ಕೊನೆಯ ಸಾಲು ಇಲ್ಲದಿದ್ದರೆ 'ಲೋಕೋ ಭಿನ್ನರುಚಿಃ' ಅಂತ ಒಂದು ಸಾಲು ಬರೆದು ಸುಮ್ನೆ ಆಗಿಬಿಡುತ್ತಿದ್ದೆ. ಆದರೆ ನೀವು ಕೇಳಿದ್ದು ರುಚಿಯ ಬಗ್ಗೆ ಮಾತ್ರ ಅಲ್ಲ, ಸುಳ್ಳಿನ ಬಗ್ಗೆ. ಅದಕ್ಕೆ ಅಷ್ಟು ಸಲೀಸಾಗಿ ಉತ್ತರ ಕೊಡಲು ಬರುವುದಿಲ್ಲ.

ಮೊದಲು ಮಷೀನಿನ ವಿಷಯ. ನೀವು ಹೇಳುವ ಆಟೋ-ಟ್ಯೂನ್ ಬಂದಿದ್ದು 1997ರಲ್ಲಿ. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್, ಅದಕ್ಕೂ ಮುಂಚೆ ಭೂಮಿಯೊಳಗೆ ತೈಲ ಎಲ್ಲಿದೆ ಅಂತ ಶಬ್ದದ ಅಲೆಗಳಿಂದ ಪತ್ತೆ ಹಚ್ಚುವ ಕೆಲಸದಲ್ಲಿದ್ದವರು. ಅದನ್ನು ಎರಡು ರೀತಿ ಬಳಸುತ್ತಾರೆ. ಒಂದು, ಯಾರಿಗೂ ಗೊತ್ತಾಗದ ಹಾಗೆ, ತಪ್ಪಿದ ಸ್ವರವನ್ನು ಮೆಲ್ಲಗೆ ಎತ್ತಿ ಕೂರಿಸುವುದು. ಇನ್ನೊಂದು, ಎಲ್ಲರಿಗೂ ಗೊತ್ತಾಗಲಿ ಅಂತಲೇ ದನಿಯನ್ನು ಲೋಹದ ಹಾಗೆ ಮಾಡುವುದು. 1998ರಲ್ಲಿ ಅಮೆರಿಕದ ಗಾಯಕಿ ಶೇರ್ ಅವರ ಒಂದು ಹಾಡಿನಿಂದ ಈ ಎರಡನೆಯದು ಜಗತ್ತಿಗೆಲ್ಲ ಕೇಳಿಸಿತು. ನಿಮಗೆ ಸಿಟ್ಟು ಬರುವುದು ಈ ಎರಡನೆಯದರ ಮೇಲೆ. ನನಗೆ ಅನುಮಾನ ಮೊದಲನೆಯದರ ಮೇಲೆ. ಮುಖಕ್ಕೆ ಬಣ್ಣ ಬಳಿದುಕೊಂಡು ವೇಷ ಹಾಕಿದವನನ್ನು ಮೋಸಗಾರ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ?

ಇನ್ನು 'ಹಿಂದೆ ಹಾಗಿರಲಿಲ್ಲ' ಅನ್ನುವ ಮಾತು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸುಮಾರು 1925ರವರೆಗೆ ರೆಕಾರ್ಡ್ ಮಾಡುವಾಗ ಒಂದು ದೊಡ್ಡ ಕೊಂಬಿನೊಳಗೆ ಗಟ್ಟಿಯಾಗಿ ಹಾಡಬೇಕಿತ್ತು. ಆಮೇಲೆ ಮೈಕ್ ಬಂತು, ಕಿವಿಯ ಪಕ್ಕ ಕೂತು ಪಿಸುಗುಟ್ಟಿದ ಹಾಗೆ ಹಾಡಲು ಸಾಧ್ಯವಾಯಿತು. ಆಗ ಎಷ್ಟೋ ಜನ, ಎದೆಯಲ್ಲಿ ಕಸುವಿಲ್ಲದವರು ಮೈಕ್ ಹಿಡಿದು ಗಾಯಕರಾಗುತ್ತಿದ್ದಾರೆ ಅಂತ ಗೊಣಗಿದರು. 1942ರಲ್ಲಿ ಬಿಬಿಸಿಯವರು ಹಾಗೆ ನಿತ್ರಾಣವಾಗಿ ಹಾಡುವ ಗಂಡಸರನ್ನು ಪ್ರಸಾರದಿಂದ ದೂರ ಇಡುವ ನಿಯಮವನ್ನೇ ಮಾಡಿದ್ದರು. ನೀವು ಪತ್ರದಲ್ಲಿ 'ಜೀವ ಇದ್ದ ಹಾಡುಗಳು' ಅಂತ ಕೊಟ್ಟ ಪಟ್ಟಿ ಇದೆಯಲ್ಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಪಿಸುಮಾತಿನ ಮಕ್ಕಳೇ. ಹಾಡಿದ್ದು ಹಾಡಿದ ಹಾಗೇ ಕೇಳುತ್ತಿತ್ತು ಅನ್ನುವುದೂ ಪೂರ್ತಿ ನಿಜವಲ್ಲ. ಟೇಪ್ ಬಂದ ಮೇಲೆ ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ಸ್ಟುಡಿಯೋದ ದಿನನಿತ್ಯದ ಕೆಲಸವಾಗಿತ್ತು. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿ ಕೊಡುವುದನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. ಹಾಗೆ ಅಂಟಿಸುವುದನ್ನು ಅವರು ಮುಚ್ಚಿಡಲಿಲ್ಲ, ಅದೇ ಸರಿ ಅಂತ ವಾದ ಮಾಡಿದರು.

ಹಾರ್ಮೋನಿಯಂ ಕಥೆ ನಿಮಗೆ ಗೊತ್ತಿರಬಹುದು. ಅದು ಪರದೇಶದ ಪೆಟ್ಟಿಗೆ, ಅದರಲ್ಲಿ ಗಮಕ ಬರುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಡಲು 1971 ಆಗಬೇಕಾಯಿತು, ಅದೂ ಪೂರ್ತಿ ಅಲ್ಲ. ಗಮಕ ಬರುವುದಿಲ್ಲ ಅನ್ನುವುದು ನಿಜವೇ. ಆದರೆ ಇವತ್ತು ಅದೇ ಪೆಟ್ಟಿಗೆಯ ಸದ್ದು ಕೇಳಿದರೆ 'ಆಹಾ, ಅಪ್ಪಟ ಹಳೆ ಕಾಲ' ಅನ್ನುತ್ತೇವೆ. ಪೆಟ್ಟಿಗೆ ಬದಲಾಗಲಿಲ್ಲ.

ಈಗ ನನ್ನನ್ನು ತುಂಬಾ ಕಾಡಿದ ಒಂದು ಸಂಗತಿ. 1933ರಲ್ಲಿ ಜಾನ್ ಲೋಮ್ಯಾಕ್ಸ್ ಅನ್ನುವವರು ಮಗ ಅಲನ್ ಜೊತೆ ಅಮೆರಿಕದ ಜೈಲುಗಳಲ್ಲಿ ಜನಪದ ಹಾಡು ಹುಡುಕುತ್ತಾ ಹೋದರು. ಲೂಸಿಯಾನದ ಜೈಲಿನಲ್ಲಿ ಅವರಿಗೆ ಹಡಿ ಲೆಡ್‌ಬೆಟರ್ ಸಿಕ್ಕರು, ಲೆಡ್ ಬೆಲ್ಲಿ ಅಂತ ಹೆಸರಾದವರು. ಹನ್ನೆರಡು ತಂತಿಯ ಗಿಟಾರ್, ಗುಡುಗಿನಂಥ ಗಂಟಲು. ಮರುವರ್ಷ ಬಿಡುಗಡೆಯಾಯಿತು, ಲೋಮ್ಯಾಕ್ಸ್ ಈ ಲೆಡ್ ಬೆಲ್ಲಿಯವರನ್ನು ಊರೂರು ಕರೆದುಕೊಂಡು ಹೋಗಿ ಹಾಡಿಸಿದರು. ಆ ಮನುಷ್ಯನಿಗೆ ಒಳ್ಳೆ ಸೂಟು ಹಾಕಿ, ಬೋ ಟೈ ಕಟ್ಟಿ, ನೀಟಾಗಿ ನಿಂತು ಹಾಡುವ ಆಸೆ. ಕೇಳಲು ಬಂದ ಓದಿದ ಜನಕ್ಕೆ ಬೇಕಾಗಿದ್ದು ಕೈದಿ. ಹಾಗಾಗಿ ಕೂಲಿಯವನ ಬಟ್ಟೆ ಹಾಕಿಸಿದರು, ಬರಿಗಾಲಲ್ಲಿ ಕೂರಿಸಿ ಫೋಟೋ ತೆಗೆದರು. ಲೆಡ್ ಬೆಲ್ಲಿಯವರಿಗೆ ಸಿನಿಮಾದ ಕೌಬಾಯ್ ಹಾಡುಗಳೂ, ಆ ಕಾಲದ ಜನಪ್ರಿಯ ಹಾಡುಗಳೂ ಇಷ್ಟವಿದ್ದವು. ಅವನ್ನು ಬದಿಗಿಟ್ಟು 'ನಿನ್ನ ಜನರ ಹಾಡು' ಹಾಡು ಅಂದರು.

ಯೋಚಿಸಿ. ಸಭಿಕರು ಇದೇ ಅಸಲಿ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ ಬಟ್ಟೆ ವೇಷ. ಸಭಿಕರಿಗೆ ನಕಲಿ ಅನ್ನಿಸುತ್ತಿದ್ದ ಸೂಟು ಲೆಡ್ ಬೆಲ್ಲಿಯವರ ಸ್ವಂತ ಇಷ್ಟ. ನಾವು 'ಅಸಲಿ' ಅನ್ನುವಾಗ ಎಷ್ಟು ಸಲ ನಮ್ಮ ತಲೆಯಲ್ಲಿರುವ ಚಿತ್ರವನ್ನೇ ಗಾಯಕನ ಮೈಮೇಲೆ ತೊಡಿಸುತ್ತೇವೋ. (ಗಂಟಲಿಗೆ ಮಾತ್ರ ಯಾರೂ ಏನೂ ತೊಡಿಸಲು ಆಗಲಿಲ್ಲ, ರೆಕಾರ್ಡ್ ಈಗಲೂ ಇದೆ, ಕೇಳಿ.)

ಹಾಗಂತ ಎಲ್ಲ ನಮ್ಮ ತಲೆಯೊಳಗೇ ಇದೆ, ಸುಳ್ಳು ಅನ್ನುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಿಲಿ ವನಿಲಿ ಅಂತ ಇಬ್ಬರು ಹುಡುಗರಿಗೆ 1990ರಲ್ಲಿ ಸಂಗೀತದ ಗ್ರ್ಯಾಮಿ ಪ್ರಶಸ್ತಿ ಕೊಟ್ಟರು, ಅದೇ ವರ್ಷ ವಾಪಸ್ ತೆಗೆದುಕೊಂಡರು. ರೆಕಾರ್ಡಿನಲ್ಲಿ ಹಾಡಿದವರು ಬೇರೆ, ಇವರು ಬಾಯಿ ಆಡಿಸಿದ್ದು ಮಾತ್ರ. ಪಿಟೀಲು ವಾದಕ ಫ್ರಿಟ್ಜ್ ಕ್ರೈಸ್ಲರ್ ಮಾಡಿದ್ದು ಇದರ ತಿರುವುಮುರುವು. ತಾವೇ ಬರೆದ ತುಣುಕುಗಳನ್ನು ಹಳೆಯ ಕಾಲದ ಸಂಗೀತಗಾರರ ಹೆಸರಿನಲ್ಲಿ ವರ್ಷಗಟ್ಟಲೆ ನುಡಿಸಿ, 1935ರಲ್ಲಿ 'ಅವೆಲ್ಲ ನನ್ನವೇ' ಅಂದರು. ಕೆಲವು ವಿಮರ್ಶಕರು ಕೆಂಡವಾದರು. ತುಣುಕುಗಳನ್ನು ಇವತ್ತಿಗೂ ನುಡಿಸುತ್ತಾರೆ, ಈಗ ಕ್ರೈಸ್ಲರ್ ಹೆಸರಿನಲ್ಲೇ. ಎರಡೂ ಸುಳ್ಳೇ. ಆದರೆ ಎರಡರಲ್ಲೂ ಸುಳ್ಳು ಇದ್ದಿದ್ದು ಲೇಬಲ್‌ನಲ್ಲಿ. ಹಾಡು ಅಲ್ಲೇ ಇತ್ತು, ಹಾಗೇ ಇತ್ತು.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನನ್ನ ಹತ್ತಿರ ಒಂದು ಲೈವ್ ರೆಕಾರ್ಡಿಂಗ್ ಇತ್ತು. ಗಾಯಕರ ಹೆಸರು ಬೇಡ. ನಿಧಾನದ ಒಂದು ಹಾಡು, ಕೊನೆಯ ಸಾಲಿಗೆ ಅವರ ದನಿ ಸ್ವಲ್ಪ ಒಡೆಯುತ್ತದೆ, ಒಂದು ಕ್ಷಣ ಪೂರ್ತಿ ನಿಶ್ಶಬ್ದ, ಆಮೇಲೆ ಚಪ್ಪಾಳೆ. ಆ ನಿಶ್ಶಬ್ದ ಇತ್ತಲ್ಲ, ನೂರಾರು ಜನ ಉಸಿರು ಹಿಡಿದು ಕೂತಿದ್ದಾರೆ ಅಂತ ನನಗೆ ಮೈ ಜುಮ್ಮೆನ್ನುತ್ತಿತ್ತು. ಹತ್ತು ವರ್ಷ ಕಂಡಕಂಡವರಿಗೆಲ್ಲ ಕೇಳಿಸಿದೆ, ಸಂಗೀತ ಅಂದರೆ ಇದು ಅಂತ ಭಾಷಣ ಬೇರೆ. ಒಂದು ದಿನ ಆ ಕೆಲಸದಲ್ಲಿದ್ದವರೊಬ್ಬರು ಹೇಳಿದರು: ಅಲ್ಲಿ ಸಭಿಕರೇ ಇರಲಿಲ್ಲ. ಖಾಲಿ ಸ್ಟುಡಿಯೋ. ಚಪ್ಪಾಳೆ ಬೇರೆ ಎಲ್ಲಿಂದಲೋ ತಂದು ಅಂಟಿಸಿದ್ದು.

ಎರಡು ವಾರ ಅದನ್ನು ಮುಟ್ಟಲಿಲ್ಲ. ಸಿಟ್ಟು, ಅದಕ್ಕಿಂತ ಜಾಸ್ತಿ ನಾಚಿಕೆ. ಆಮೇಲೆ ಒಂದು ರಾತ್ರಿ, ಬಯ್ಯುವುದಕ್ಕೆ ಅಂತಲೇ ಮತ್ತೆ ಹಾಕಿದೆ. ಅದೇ ಸಾಲಿಗೆ ದನಿ ಒಡೆಯಿತು, ಅದೇ ಜಾಗದಲ್ಲಿ ಮೈ ಜುಮ್ಮೆಂದಿತು. ಚಪ್ಪಾಳೆ ಶುರುವಾದ ಕೂಡಲೇ ನಿಲ್ಲಿಸಿದೆ. ಈಗಲೂ ಹಾಗೇ ಕೇಳುತ್ತೇನೆ, ಚಪ್ಪಾಳೆಗೆ ಮುಂಚೆ ಆಫ್. ನನಗೆ ಮೋಸ ಮಾಡಿದವರನ್ನು ಕ್ಷಮಿಸಿಲ್ಲ, ಹಾಡನ್ನು ಬಿಟ್ಟೂ ಇಲ್ಲ. ಈ ಎರಡೂ ಒಟ್ಟಿಗೆ ಇರಬಹುದು ಅಂತ ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬರೋಣ. ರಾಬರ್ಟ್ ಝಯೊಂಟ್ಸ್ ಅನ್ನುವ ಮನೋವಿಜ್ಞಾನಿ 1968ರಲ್ಲಿ ತೋರಿಸಿಕೊಟ್ಟ ಸಂಗತಿ ಒಂದಿದೆ. ಅರ್ಥವೇ ಇಲ್ಲದ ಪದಗಳನ್ನಾದರೂ ಮತ್ತೆ ಮತ್ತೆ ಎದುರಿಗಿಟ್ಟರೆ ಜನಕ್ಕೆ ಅವೇ ಹಿತ ಅನ್ನಿಸತೊಡಗುತ್ತವೆ. ಅದಕ್ಕೆ ಹದಿನೈದು, ಇಪ್ಪತ್ತರ ವಯಸ್ಸು ಸೇರಿಸಿ. ಆ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹಾಡು ಹೋಗುವುದೇ ಇಲ್ಲ, ನಿಮಗೂ ಹೋಗಿಲ್ಲ, ನನಗೂ ಹೋಗಿಲ್ಲ. ಮೊದಲ ಪ್ರೀತಿ, ಮೊದಲ ಸೋಲು, ಎಲ್ಲದರ ಜೊತೆ ಅವಳ ಕಿವಿಯಲ್ಲಿ ಇದ್ದಿದ್ದು ಆ ಲೋಹದ ದನಿ. ನಿಮಗೆ ಅದು ಮಷೀನು. ಅವಳಿಗೆ ಅದು ಪಕ್ಕದಲ್ಲಿ ಕೂತ ಗೆಳತಿ. ಅಳುವುದಕ್ಕೆ ಅಷ್ಟು ಸಾಕು. ಹಾಡು ಒಳ್ಳೆಯದು ಅನ್ನುವುದಕ್ಕೆ ಸಾಕಾ ಅಂದರೆ, ಇಲ್ಲ, ಅದು ಬೇರೆ ಲೆಕ್ಕ.

ಅದಕ್ಕೇ ನೀವು ಹೆಸರು ಬರೆದಿದ್ದ ಆ ಹಾಡನ್ನು ಹುಡುಕಿ ಕೇಳಿದೆ, ಮೂರು ಸಲ. ನನಗೆ ಹಿಡಿಸಲಿಲ್ಲ. ತಾಳ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಕುಟ್ಟುತ್ತದೆ, ಸಾಹಿತ್ಯವೂ ತೆಳು. ಆದರೆ ಎರಡನೇ ಚರಣದ ಕೊನೆಯಲ್ಲಿ ನಾಲ್ಕು ಪದಗಳಿಗೆ ಮಾತ್ರ ಆ ಮಷೀನನ್ನು ತೆಗೆದಿದ್ದಾರೆ. ಅಷ್ಟು ಹೊತ್ತು ಲೋಹವಾಗಿದ್ದ ದನಿ ಅಲ್ಲಿ ಸುಮ್ನೆ ಒಬ್ಬ ಹುಡುಗಿಯ ದನಿ, ಸ್ವಲ್ಪ ಶ್ರುತಿ ತಪ್ಪಿದೆ ಕೂಡ. ನೀವು ಅಲ್ಲಿಯವರೆಗೆ ಕೇಳಿದ್ದೀರಾ? ಮಗಳನ್ನು ಕೇಳಿ ನೋಡಿ, ಅವಳು ಅತ್ತಿದ್ದು ಆ ಜಾಗದಲ್ಲೇನಾ ಅಂತ. ಉತ್ತರ ಏನೇ ಇದ್ದರೂ ಒಂದು ಕಾರ್ಡ್ ಹಾಕಿ.